ಜಗಳ ಹತ್ತಿದರೂ ಬಾಜಾ ನಿಲ್ಲಬಾರದು

ನಾನು ಜಾಲಹಳ್ಳಿಗೆ ಬಂದ ಮೊದಲ ಸಂಜೆಯೇ ಕೆಳಗಿನ ಮನೆಯಲ್ಲಿ ಒಬ್ಬ ಅಪ್ಪ ತನ್ನ ಮಗನ ಬೆರಳುಗಳ ಮೇಲೆ ಪಿಯಾನೋದ ಮುಚ್ಚಳ ಬಡಿದ. ಮೊದಲು ಮರದ ಸದ್ದು ಬಂತು. ಅದರ ಹಿಂದೆಯೇ ಒಳಗಿನ ತಂತಿಗಳೆಲ್ಲ ಒಟ್ಟಿಗೆ ಗುಂಯ್ ಅಂದವು. ಆಮೇಲೆ ಹುಡುಗನ ಕೂಗು. ನಾನಿನ್ನೂ ಟ್ರಂಕಿನ ಬೀಗ ಕೂಡ ತೆಗೆದಿರಲಿಲ್ಲ.

ಅಪ್ಪ ಮಗನಿಗೆ ಹೊಡೆಯುವುದು ಗದಗದ ಕಡೆಯ ನಮ್ಮೂರಿನಲ್ಲೂ ಹೊಸದೇನಲ್ಲ. ನನ್ನ ಬೆನ್ನೂ ನಮ್ಮಪ್ಪನ ಬಾರುಕೋಲಿನ ರುಚಿ ಕಂಡದ್ದೇ. ಆದರೆ ನಮ್ಮಲ್ಲಿ ಎರಡನೆಯ ಏಟಿಗೆ ಪಕ್ಕದ ಮನೆಯ ಮುದುಕಿ ಅಂಗಳಕ್ಕೆ ಬಂದು, 'ಕೊಂದ ಹಾಕ್ತೀಯೇನೋ ಕೂಸಿನ್ನ? ನಿನ್ನ ಕೈ ಕಡದ ಬೀಳ್ಲಿ' ಎಂದು ಬೈಯುತ್ತಾಳೆ. ಮೂರನೆಯ ಏಟಿಗೆ ಯಾರಾದರೂ ಹುಡುಗನನ್ನು ಎಳೆದುಕೊಂಡು ಹೋಗಿ ತಮ್ಮನೆಯಲ್ಲಿ ರೊಟ್ಟಿ ಕೊಡುತ್ತಾರೆ. ಜಾಲಹಳ್ಳಿಯ ಆ ಬೀದಿ ಬೇರೆ ಜಾತಿಯದು. ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳು. ಗೇಟಿಗೆ ಬಣ್ಣ, ಅಂಗಳಕ್ಕೆ ರಂಗೋಲಿ, ಮಾತೆಲ್ಲ ಮೆತ್ತಗೆ. ಹುಡುಗನ ಕೂಗು ಕೇಳಿದ ಕೂಡಲೇ ಎದುರು ಸಾಲಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಚಿಲಕಗಳ ಸದ್ದು ನನ್ನ ಕೋಣೆಯವರೆಗೂ ಕೇಳಿತು.

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಮೆಟ್ಟಿಲಿಳಿದು ಹೋಗಿ ಬಾಗಿಲು ಬಡಿದೆ. ತೆರೆದವರು ಮನೆಯ ಮಾಲೀಕರು ಚಂದ್ರಶೇಖರಯ್ಯ. ಇಸ್ತ್ರಿ ಹಾಕಿದ ಪ್ಯಾಂಟು, ಹಣೆಯ ಮೇಲೆ ವಿಭೂತಿ, ಉಸಿರು ಮಾತ್ರ ಓಡಿ ಬಂದವರ ಹಾಗೆ.

"ಏನ್ರೀ?"

"ಹುಡುಗಗ ಏನಾತ್ರೀ ಸರ?"

"ನೀವು ಬಾಡಿಗೆಗೆ ಬಂದಿರೋದು ಮೇಲಿನ ರೂಮಿಗೆ ಕಣ್ರೀ, ನಮ್ಮನೆಗಲ್ಲ," ಎಂದು ಬಾಗಿಲು ಹಾಕಿಕೊಂಡರು.

ಹೀಗೆ ಆಯಿತು ನನ್ನ ಬೆಂಗಳೂರು ಪ್ರವೇಶ.

ಇದನ್ನು ಓದುವ ಊರಿನವರಿಗೆ ನಾನು ಹೊಸಬನಲ್ಲ. ಹುಸೇನಸಾಬ ಮಾಸ್ತರರ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ ಫಕೀರಪ್ಪ. ನಿಮ್ಮಲ್ಲಿ ಎಷ್ಟೋ ಜನರ ಮದುವೆಯ ಮೆರವಣಿಗೆಗೆ ನನ್ನ ಉಸಿರು ಖರ್ಚಾಗಿದೆ. ಡಿಜೆ ಪೆಟ್ಟಿಗೆಗಳು ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆದ ಮೇಲೆ ಬ್ಯಾಂಡಿನವರು ದಿಕ್ಕಿಗೊಬ್ಬರಾದರು. ನಮ್ಮ ಡೋಲಿನ ಬಸಣ್ಣ ಪೀಣ್ಯದ ಒಂದು ಪ್ರೆಸ್ ಶಾಪಿಗೆ ಸೇರಿದ್ದ. ಅವನೇ ನನ್ನನ್ನು ಕರೆಸಿಕೊಂಡ. ಪ್ರೆಸ್ ಎಂದರೆ ಛಾಪಖಾನೆಯಲ್ಲ. ತಗಡಿನ ಪಟ್ಟಿಯನ್ನು ಅಚ್ಚಿನೊಳಗೆ ನೂಕುವುದು, ಮೇಲಿನಿಂದ ಕಬ್ಬಿಣದ ಭಾರ ಬಂದು ಅಪ್ಪಳಿಸುವುದು, ಕೆಳಗೆ ಒಂದು ತುಂಡು ಬೀಳುವುದು. ಢಮ್-ಟಕ್, ಢಮ್-ಟಕ್, ದಿನವಿಡೀ ಅಷ್ಟೇ. ಊರಿನಲ್ಲಿ ಮದ್ದಿನ ಸದ್ದಿಗೆ ಬೆಚ್ಚುವ ಎತ್ತುಗಳನ್ನು ನೋಡಿ ನಗುತ್ತಿದ್ದವನು ನಾನು. ಇಲ್ಲಿ ಮೊದಲ ದಿನಗಳಲ್ಲಿ ನಾನೇ ಆ ಎತ್ತು.

ನಾನು ಸೇರಿ ತಿಂಗಳು ತುಂಬುವ ಮೊದಲೇ ಬಸಣ್ಣನ ಎಡಗೈಯ ಎರಡು ಬೆರಳು ಅಚ್ಚಿನೊಳಗೆ ಉಳಿದವು. ಅವನು ಕೂಗಿದ್ದು ನನಗೆ ಬಾಯಿ ತೆರೆದದ್ದರಿಂದ ಗೊತ್ತಾಯಿತೇ ಹೊರತು ಕಿವಿಗೆ ಕೇಳಲಿಲ್ಲ. ಪಕ್ಕದ ಯಂತ್ರಗಳು ಢಮ್-ಟಕ್ ಅನ್ನುತ್ತಲೇ ಇದ್ದವು. ಸೂಪರ್‌ವೈಸರ್ ಅವನನ್ನು ಆಟೋಗೆ ಹತ್ತಿಸಿ, ರಕ್ತದ ಮೇಲೆ ಮರದ ಹೊಟ್ಟು ಚೆಲ್ಲಿಸಿ, ನಿಂತಿದ್ದ ಒಂದು ಯಂತ್ರವನ್ನೂ ಶುರು ಮಾಡಿಸಿದ. ಬಸಣ್ಣ ಊರಿಗೆ ಹೋದ. ನಾನು ಉಳಿದೆ. ಡೋಲು ಬಾರಿಸುವವನಿಗೆ ಕೈ ಹೋಗುವುದೆಂದರೆ ಏನು ಎಂದು ಆ ಶಾಪಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಮಾಲೀಕರ ಮಗ ನಿಶಾಂತ ತಾನಾಗಿಯೇ ಮಹಡಿಗೆ ಬಂದ. ಒಂದು ರವಿವಾರ ಮಧ್ಯಾಹ್ನ ನಾನು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು, ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ನಮ್ಮವರು ಬಾರಿಸುವ ಧಾಟಿಯನ್ನು ಊದುತ್ತಿದ್ದೆ. ಕಡ್ಡಿಯಂಥ ಹುಡುಗ, ಆಗತಾನೇ ಕಾಲೇಜು ಮೆಟ್ಟಿಲು ಹತ್ತಿದ ವಯಸ್ಸು. ಬಲಗೈಯ ಉಗುರುಗಳು ಇನ್ನೂ ನೀಲಿಗಟ್ಟಿದ್ದವು.

"ಅಣ್ಣಾ, ಕೊನೇಲಿ ಸ್ವರಾನ ಸ್ವಲ್ಪ ಕೆಳಗೆ ಜಾರಿಸಿದ್ರಲ್ಲ, ಅದನ್ನ ಇನ್ನೊಂದ್ಸಲ ಊದಿ."

ಊದಿದೆ. ಅವನು ಕೆಳಗೆ ಓಡಿದ. ಎರಡು ನಿಮಿಷಕ್ಕೆ ಕೆಳಗಿನಿಂದ ಪಿಯಾನೋದಲ್ಲಿ ಅದೇ ಧಾಟಿ ಬಂತು. ಎರಡನೆಯ ಸಲ ಬಂದಾಗ ಅದು ಮನೆ ಬಿಟ್ಟು ಹೋದ ಹುಡುಗಿಯ ಹಾಗೆ ಎಲ್ಲೆಲ್ಲೋ ಅಲೆದು, ದಾರಿ ತಪ್ಪಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅದೇ ಹೊಸ್ತಿಲಿಗೆ ಬಂದು ನಿಂತಿತು. ನನ್ನ ಮೈ ಜುಮ್ಮೆಂದಿತು. ನಮ್ಮ ಕಡೆಯ ದೊಡ್ಡ ಗವಾಯಿಗಳ ಹಾಡಿಗೆ ಬೆಳಗಿನವರೆಗೂ ಕೂತವನು ನಾನು. ಇಂಥದು ಕೇಳಿರಲಿಲ್ಲ.

"ಇದಕ್ಕ ಏನಂತಾರಪಾ?" ಎಂದು ಕೇಳಿದೆ.

"ಜಾಝ್. ಹಾಡನ್ನ ಎಲ್ಲರೂ ಸೇರಿ ಒಂದ್ಸಲ ಹೇಳ್ತಾರೆ. ಆಮೇಲೆ ಒಬ್ಬೊಬ್ರೇ ಹೊರಗೆ ಹೋಗಿ ಏನ್ ಬೇಕಾದ್ರೂ ಮಾಡ್ಬಹುದು. ಆದ್ರೆ ವಾಪಸ್ ಬರ್ಲೇಬೇಕು."

ಆ ಪಿಯಾನೋದ ಕಥೆಯನ್ನು ಹೇಳಿದವರು ಅವನ ತಾಯಿ ಸರೋಜಮ್ಮ. ಕಾರ್ಖಾನೆಯ ಕ್ಲಬ್ಬಿನಲ್ಲಿ ಯಾವ ಕಾಲದಲ್ಲೋ ಹೊರದೇಶದ ಇಂಜಿನಿಯರುಗಳು ಬಿಟ್ಟುಹೋದ ಪಿಯಾನೋ ಅದು. ಕ್ಲಬ್ಬು ಮುಚ್ಚಿ ಕುರ್ಚಿ-ಮೇಜುಗಳನ್ನು ಹರಾಜು ಹಾಕಿದಾಗ ಚಂದ್ರಶೇಖರಯ್ಯನವರು ತೇಗದ ಆಸೆಗೆ ಅದನ್ನೂ ಎತ್ತಿಕೊಂಡು ಬಂದರು. ಒಡೆದು ಮಂಚ ಮಾಡಿಸಬೇಕು ಎಂದಿದ್ದರಂತೆ. ಆಗ ನಿಶಾಂತ ಚಿಕ್ಕ ಕೂಸು. ಕಾರ್ಖಾನೆಯ ಸೈರನ್ ಕೂಗಿದ ಕೂಡಲೇ ಓಡಿ ಹೋಗಿ ಅದೇ ಸ್ವರದ ಕೀಯನ್ನು ಒತ್ತುತ್ತಿದ್ದ. ತರಕಾರಿಯವನು ಕೂಗಿದರೆ ಅದೂ, ದೇವಸ್ಥಾನದ ಗಂಟೆಯಾದರೆ ಅದೂ. ಅಪ್ಪನಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ತುಕ್ಕು ಹಿಡಿದ ಮೊಳೆಗಳನ್ನೆಲ್ಲ ಕಿತ್ತು, ಕಾರ್ಖಾನೆಯ ಲೇಥ್ ಯಂತ್ರದಲ್ಲಿ ತಾವೇ ಹೊಸವನ್ನು ಕಡೆದು ಹಾಕಿದರು. ಮಗ ಲೆಕ್ಕದಲ್ಲಿ ನಪಾಸಾಗುವವರೆಗೂ ಆ ಹೆಮ್ಮೆ ಬಾಳಿತು. ಇಂಜಿನಿಯರ್ ಆಗಬೇಕಾದ ಹುಡುಗ ಯಾವುದೋ ಹೋಟೆಲಿನಲ್ಲಿ ತಿನ್ನುವವರ ಮುಂದೆ ಬಾರಿಸುತ್ತೇನೆ ಅಂದಾಗ ಮುಚ್ಚಳ ಬಿತ್ತು. "ಅವರ ಕೈಯಲ್ಲೇ ರಿಪೇರಿಯಾದ ಮುಚ್ಚಳ ಕಣ್ರೀ ಅದು," ಎಂದರು ಸರೋಜಮ್ಮ, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಾ.

ಮುದ್ದೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಜೋಳದ ರೊಟ್ಟಿಯನ್ನು ಹಲ್ಲಿನಿಂದ ಗೆದ್ದು ಬೆಳೆದವನಿಗೆ ರಾಗಿ ಮುದ್ದೆ ದೊಡ್ಡ ಪರೀಕ್ಷೆ. ನಾನು ಅಗಿಯುತ್ತಿದ್ದೆ, ಅದು ಹಲ್ಲಿಗೆ ಮೆತ್ತುತ್ತಿತ್ತು, ತಾಯಿ-ಮಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಗೀಬಾರ್ದು ಫಕೀರಣ್ಣ, ಬಸ್ಸಾರಲ್ಲಿ ಅದ್ದಿ ನುಂಗ್ಬಿಡ್ಬೇಕು," ಎಂದು ನಿಶಾಂತ ಕಲಿಸಿದ. ಬೆಂಗಳೂರಿನಲ್ಲಿ ನಾನು ಕಲಿತ ಮೊದಲ ಪಾಠ ಅದು. ಏನು ಬಂದರೂ ಅಗಿಯದೆ ನುಂಗುವುದು. ಸರೋಜಮ್ಮ ಹಿತ್ತಿಲ ಬಾಗಿಲಿನಲ್ಲಿ, ಯಜಮಾನರು ಇಲ್ಲದ ಹೊತ್ತಿನಲ್ಲಿ ಮಾತ್ರ ನನಗೆ ಊಟ ಕೊಡುತ್ತಿದ್ದರು. ಒಳಗೆ ಕರೆದಿರಲಿಲ್ಲ.

ಅವನಿಗೆ ನಾನು ಕಲಿಸಿದ್ದು ಒಂದೇ ಒಂದು. ಹುಸೇನಸಾಬ ಮಾಸ್ತರರ ಕಾಯಿದೆ ಅದು. ಬ್ಯಾಂಡಿನವರಿಗೆಲ್ಲ ಗೊತ್ತು, ಹೊರಗಿನವರಿಗೆ ಹೇಳಿದರೆ ಹುಚ್ಚು ಅನ್ನುತ್ತಾರೆ. ಮೆರವಣಿಗೆಯಲ್ಲಿ ಜಗಳ ಹತ್ತಿದರೆ ಬಾಜಾ ನಿಲ್ಲಿಸಬಾರದು. ಇನ್ನೂ ಜೋರಾಗಿ ಬಾರಿಸಬೇಕು. ಬಾಜಾ ನಿಂತರೆ ಕುಣಿಯುವ ನೂರು ಜನ ತಿರುಗಿ ನೋಡುತ್ತಾರೆ, ಇಬ್ಬರ ಜಗಳ ನೂರು ಜನರದಾಗುತ್ತದೆ. ಬಾಜಾ ನಡೆಯುತ್ತಿದ್ದರೆ ಹೊಡೆದಾಡುವವರಿಗೇ ನಾಚಿಕೆಯಾಗಿ ಕೈ ಇಳಿಯುತ್ತದೆ. ಒಮ್ಮೆ ಬೀಗರಿಬ್ಬರ ಕಡೆಯವರು ಬಡಿಗೆ ಎತ್ತಿಕೊಂಡು ಒಬ್ಬರ ತಲೆ ಒಬ್ಬರು ಒಡೆಯುತ್ತಿದ್ದಾಗ ಮಾಸ್ತರರು ನಮ್ಮನ್ನು ಸರಿಯಾಗಿ ನಡುವೆ ನಿಲ್ಲಿಸಿ, 'ಊದ್ರೋ ಮಕ್ಕಳ್ರಾ, ಉಸಿರು ಬಿಡಬ್ಯಾಡ್ರಿ' ಎಂದು ಕೂಗಿದ್ದರು. ನನ್ನ ಬಿಳಿ ಅಂಗಿಯ ಮೇಲೆ ಯಾರದೋ ರಕ್ತ ಚಿಮ್ಮಿತು. ಊದಿದೆವು. ಜಗಳ ಮುರಿಯಿತು. ಮದುವೆಯೂ ಆಯಿತು.

ಈ ಕಥೆಯನ್ನು ನಿಶಾಂತ ಮತ್ತೆ ಮತ್ತೆ ಹೇಳಿಸಿಕೊಂಡ.

ಮುಂದಿನ ಸಲ ಚಂದ್ರಶೇಖರಯ್ಯನವರು ಬೆಲ್ಟು ಹಿಡಿದು ಬಂದಾಗ ಅವನು ಏಳಲಿಲ್ಲ. ಅಂದು ಕಾಲೇಜಿನಿಂದ ಹೆಸರು ಕಡಿಸಿಕೊಂಡು ಬಂದಿದ್ದ. ನಾನು ಮೆಟ್ಟಿಲ ಮೇಲಿದ್ದೆ, ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಮೊದಲ ಏಟು ಭುಜಕ್ಕೆ ಬಿತ್ತು. ಅವನು ಎಡಗೈಯಲ್ಲಿ ಢಮ್-ಟಕ್ ಎಂದು ಶುರು ಮಾಡಿದ. ನನ್ನ ಶಾಪಿನ ಗೇಟಿನ ಹತ್ತಿರ ನನಗಾಗಿ ಕಾಯುತ್ತಾ ಕೇಳಿಸಿಕೊಂಡಿದ್ದ ಪ್ರೆಸ್ಸಿನ ಸದ್ದು ಅದು. ಎರಡನೆಯ ಏಟು, ಮೂರನೆಯದು. ಎಡಗೈ ನಿಲ್ಲಲಿಲ್ಲ, ಅದರ ಮೇಲೆ ಬಲಗೈ ಚೀರಿತು, ಬೈಯಿತು, ಹಲ್ಲು ಕಡಿಯಿತು. ಅಂಗಿಯ ಬೆನ್ನಿನಲ್ಲಿ ಕೆಂಪು ಗೆರೆ ಮೂಡಿತು. ಎಷ್ಟೋ ಹೊತ್ತಿನ ಮೇಲೆ ಅಪ್ಪನ ಕೈ ತಾನಾಗಿ ಇಳಿಯಿತು. ಅವರು ಬೆಲ್ಟನ್ನು ಪಿಯಾನೋದ ಮೇಲಿಟ್ಟು, ಸೋತವರ ಹಾಗೆ ಕುರ್ಚಿಯಲ್ಲಿ ಕೂತು, ಹಾಡು ಮುಗಿಯುವವರೆಗೂ ಕೇಳಿದರು. ಆ ದಿನದಿಂದ ಅವರು ಮಗನ ಮೇಲೆ ಕೈ ಎತ್ತಲಿಲ್ಲ. ಮಾತನ್ನೂ ಆಡಲಿಲ್ಲ.

"ನಿಮ್ ಮಾಸ್ತರ್ ಸಕ್ಕತ್ ಅಣ್ಣ. ವರ್ಕ್ ಆಯ್ತು," ಎಂದ ನಿಶಾಂತ, ನಾನು ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ. ನೋವಿಗೆ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದ. ನನಗೂ ಗೆದ್ದಷ್ಟು ಹಿಗ್ಗಾಯಿತು. ನಮ್ಮೂರಿನ ಒಂದು ಮಾತು ಈ ಕಲ್ಲುಮನಸ್ಸಿನ ಬೀದಿಯಲ್ಲಿ ನಡೆಯಿತಲ್ಲ ಎಂದು.

ಆಮೇಲೆ ಅವನು ಬೆಳೆದದ್ದನ್ನು ಏನೆಂದು ಹೇಳಲಿ? ಮೊದಲು ಒಂದು ಹೋಟೆಲಿನ ಮೂಲೆ. ಆಮೇಲೆ ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದ ಮೇಲಂತಸ್ತು. ಅಲ್ಲೇ ಬಿಯರ್ ಕಾಸಿ ಅಲ್ಲೇ ಕುಡಿಸುವ ಜಾಗ, ಬ್ರೂವರಿ ಅನ್ನುತ್ತಾರೆ. ಅಲ್ಲೊಂದು ನಿಜವಾದ ದೊಡ್ಡ ಪಿಯಾನೋ ಇತ್ತು. ಒಂದು ಹೊತ್ತು ಬಾರಿಸುವ ಕೆಲಸಕ್ಕೆ ಗಿಗ್ ಎಂದು ಹೆಸರು. ನಮ್ಮಲ್ಲಿ ಮದುವೆಗೆ ಮುಂಗಡ ಪಡೆದು ಒಪ್ಪಿಕೊಳ್ಳುವುದಕ್ಕೆ ಸುಪಾರಿ ಹಿಡಿಯುವುದು ಅನ್ನುತ್ತೇವಲ್ಲ, ಹಾಗೆ. ರವಿವಾರದ ಗಿಗ್ಗುಗಳಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಆ ತುದಿಗೆ ಹೋಗುವಷ್ಟರಲ್ಲಿ ಗದಗದಿಂದ ಹುಬ್ಬಳ್ಳಿಗೆ ಹೋಗಿ ಚಹಾ ಕುಡಿಯಬಹುದು. ಈ ತುದಿಯಲ್ಲಿ ಅಂಗಿಗೆ ಗ್ರೀಸು ಮೆತ್ತಿದವರು ನಿಂತೇ ತೂಕಡಿಸುತ್ತಾರೆ. ಆ ತುದಿಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಫೋನಿಗೆ ಬೈಯುತ್ತಾರೆ. ಎರಡೂ ಒಂದೇ ಊರು ಎಂದು ಹೇಳುವವರ ಧೈರ್ಯ ದೊಡ್ಡದು.

ನನಗೆ ಕಪ್ಪು ಕೋಟು ಹೊಲಿಸಿದ್ದು ಅವನೇ. ಮೊದಲ ಸಲ ಬಾಗಿಲಲ್ಲಿ ನಿಂತ ಕಾವಲುಗಾರ ನನ್ನನ್ನು ಸಾಮಾನು ತಂದವನೆಂದು ತಿಳಿದು ಹಿಂದಿನ ಲಿಫ್ಟಿಗೆ ಕಳಿಸಿದ. ಹಿಂದಿನ ಲಿಫ್ಟಿನಲ್ಲೇ ಹೋಗಿ, ಮುಂದಿನ ವೇದಿಕೆ ಹತ್ತಿದೆ. ನಮ್ಮ ಹೆಣ್ಣೊಪ್ಪಿಸುವ ಧಾಟಿಯನ್ನು ನಾನು ಊದಿ ಬಿಟ್ಟುಕೊಟ್ಟರೆ ಅವನು ಎತ್ತಿಕೊಂಡು ಹೊರಟುಬಿಡುತ್ತಿದ್ದ. ಕುಡಿಯುವವರು ಗ್ಲಾಸು ಕೆಳಗಿಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನು ಫಲ ಎಂದು ನಾನು ರೇಗಿಸಿದರೆ, "ಕೋಣಾನೂ ಒಂದೊಂದ್ಸಲ ಕಿವಿ ಆಡ್ಸುತ್ತೆ ಅಣ್ಣ, ಅದ್ನ ನೋಡ್ಬೇಕು," ಅನ್ನುತ್ತಿದ್ದ. ನಮ್ಮ ಜೊತೆ ಡ್ರಮ್ಮು ಬಾರಿಸುತ್ತಿದ್ದ ಮುದುಕರೊಬ್ಬರು ಒಂದು ದಿನ ಬೆವರು ಒರೆಸಿಕೊಳ್ಳುತ್ತಾ, "ಈ ಹುಡುಗನದಂಥ ಎಡಗೈಯನ್ನ ನಾನು ನನ್ನ ಜನ್ಮದಲ್ಲೇ ನೋಡಿಲ್ಲ. ಇವನು ಇಲ್ಲಿ ಕೊಳೀಬಾರ್ದು," ಎಂದರು. ಅವರೇ ಅವನು ಬಾರಿಸಿದ್ದನ್ನು ರೆಕಾರ್ಡು ಮಾಡಿ ಎಲ್ಲೆಲ್ಲಿಗೋ ಕಳಿಸಿದರು. ಮುಂಬೈಗೆ ಎರಡು ಸಲ ಹೋಗಿ ಬಂದ. ಕೊನೆಗೆ ಹೊರದೇಶದ ಒಂದು ಸಂಗೀತ ಶಾಲೆ ಅವನನ್ನು ಕರೆಯಿತು. ಕಲಿಯುವುದು, ಬಾರಿಸುವುದು, ಊಟ-ವಸತಿ ಎಲ್ಲ ಅವರದೇ. ಪಾಸ್‌ಪೋರ್ಟು ಬಂತು. ಹೊರಡುವುದೊಂದೇ ಬಾಕಿ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಹೊರಡುವ ಮೊದಲು ವೈಟ್‌ಫೀಲ್ಡಿನಲ್ಲಿ ಕಡೆಯ ಗಿಗ್ಗು, ರವಿವಾರ ಮಧ್ಯಾಹ್ನ. ಸರೋಜಮ್ಮ ಅತ್ತು ಕರೆದು ಯಜಮಾನರನ್ನು ಒಪ್ಪಿಸಿದ್ದರು. "ಅದೇನ್ ಬಾರಿಸ್ತಾನೋ ನೋಡ್ಕೊಂಡ್ ಬರ್ತೀನಿ," ಎಂದು ಚಂದ್ರಶೇಖರಯ್ಯನವರು ಇಸ್ತ್ರಿ ಪ್ಯಾಂಟು ಹಾಕಿ, ಒಬ್ಬರೇ ಬಂದು ಹಿಂದಿನ ಗೋಡೆಯ ಹತ್ತಿರ ನಿಂಬೆ ಶರಬತ್ತು ಹಿಡಿದು ಕೂತರು. ಅಪ್ಪನನ್ನು ನೋಡಿದ ಹುಡುಗನ ಮುಖ ಕೆಂಪಾಯಿತು. "ಬಂದ್ಬಿಟ್ರು ಅಣ್ಣ," ಎಂದ ನನಗೆ ಮಾತ್ರ ಕೇಳುವ ಹಾಗೆ. ಅಂದು ಬಾರಿಸಿದ ಹಾಗೆ ಅವನು ಎಂದೂ ಬಾರಿಸಿರಲಿಲ್ಲ.

ಜಗಳ ಹತ್ತಿದ್ದು ಹಾಡಿನ ವಿಷಯಕ್ಕೇ. ಮುಂದಿನ ಟೇಬಲಿನ ಒಬ್ಬ, "ಏನ್ ಗುರು ಇದು ಟಿಂಗ್ ಟಿಂಗ್? ಬೆಂಗ್ಳೂರಲ್ಲಿದೀಯ, ಕನ್ನಡ ಹಾಡ್ ಬಾರ್ಸೋ," ಎಂದು ಕೂಗಿದ. ಪಕ್ಕದ ಟೇಬಲಿನಲ್ಲಿ ಹಿಂದಿ ಮಾತಾಡುವ ಗುಂಪು. ಅವರಲ್ಲೊಬ್ಬ ಏನೋ ಅಣಕಿಸಿ ನಕ್ಕ. ಇವನು ಎದ್ದ. ಅವನೂ ಎದ್ದ. ಯಾವ ಭಾಷೆಗಾಗಿ ಹೊಡೆದಾಡಿದರೋ! ವೇದಿಕೆಯ ಮೇಲಿದ್ದ ನಾವಿಬ್ಬರೂ ಅಪ್ಪಟ ಕನ್ನಡದವರೆಂದು ತಿಳಿಯುವ ವ್ಯವಧಾನ ಆ ಮಗನಿಗೂ ಇರಲಿಲ್ಲ, ಈ ಮಗನಿಗೂ ಇರಲಿಲ್ಲ. ಕುರ್ಚಿ ಹಾರಿತು. ಒಬ್ಬನ ಹಲ್ಲು ಟೇಬಲಿನ ಅಂಚಿಗೆ ಬಡಿದು ಬಾಯಿ ತುಂಬ ರಕ್ತವಾಯಿತು. ಒಡೆದ ಬಾಟಲಿ ಹಿಡಿದು ಇನ್ನೊಬ್ಬ ನುಗ್ಗಿದ. ಹೆಂಗಸರು ಮೇಜುಗಳ ಕೆಳಗೆ ತೂರಿದರು. ಡ್ರಮ್ಮಿನ ಮುದುಕರು ಕೋಲು ಕೆಳಗಿಟ್ಟು ತಮ್ಮ ವಾದ್ಯದ ಹಿಂದೆ ಕುಕ್ಕರಿಸಿದರು.

ನಿಶಾಂತ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

ಅವನು ಎಡಗೈಯಲ್ಲಿ ಢಮ್-ಟಕ್ ಶುರು ಮಾಡಿದ. ನಾನು ಕ್ಲಾರಿಯೋನೆಟ್ಟನ್ನು ಮೇಲೆತ್ತಿ, ಮದುವೆಯ ಮೆರವಣಿಗೆಯಲ್ಲಿ ಊದುವ ಹಾಗೆ ಎದೆ ಒಡೆಯುವಂತೆ ಊದಿದೆ. ಹಿಂದಿನ ಗೋಡೆಯಿಂದ ಅಪ್ಪ ಎದ್ದು ನಿಂತು, "ನಿಶೀ, ಏಳೋ! ಎದ್ದು ಬಾರೋ!" ಎಂದು ಕೂಗುತ್ತಿದ್ದುದು ಬಾಯಿ ತೆರೆದದ್ದರಿಂದ ಗೊತ್ತಾಗುತ್ತಿತ್ತು. ನಮ್ಮ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಬಿಯರ್ ತುಂಬಿದ ದಪ್ಪ ಗಾಜಿನ ಮಗ್ಗೊಂದು ಯಾರ ತಲೆಗೋ ಗುರಿಯಿಟ್ಟು ಹೊರಟದ್ದು, ಆ ತಲೆ ಬಗ್ಗಿದ್ದರಿಂದ ವೇದಿಕೆಗೆ ಬಂತು. ಹುಡುಗನ ಕಿವಿಯ ಮೇಲೆ ಬಡಿಯಿತು. ಎಡಗೈ ಆಮೇಲೂ ಸ್ವಲ್ಪ ಹೊತ್ತು ನಡೆಯಿತು. ನಂತರ ಅವನ ಹಣೆ ಕೀಗಳ ಮೇಲೆ ಬಿತ್ತು. ಆ ಒಂದು ಸದ್ದಿಗೆ ಇಡೀ ಸಭೆ ಸ್ತಬ್ಧವಾಯಿತು. ಜಗಳ ನಿಲ್ಲಿಸಿದ್ದು ಅದು.

ಮರುದಿನ ಸಂಜೆ ಅವನು ಆಸ್ಪತ್ರೆಯಲ್ಲಿ ಹೋದ. ಮಗ್ಗು ಎಸೆದವನು ಯಾರೆಂದು ಎರಡೂ ಟೇಬಲಿನವರಿಗೆ ಗೊತ್ತಿಲ್ಲವಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಜಗಳದಲ್ಲಿ ಕೂಸು ಸತ್ತೇ ಹೋಯಿತು. ಆ ಎರಡು ಟೇಬಲಿನವರು ನನ್ನ ಕೈಗೆ ಸಿಕ್ಕಿದ್ದರೆ ಇವತ್ತು ನಾನು ಜೈಲಿನಿಂದ ಬರೆಯುತ್ತಿದ್ದೆ.

ಮಣ್ಣು ಮಾಡುವ ದಿನ ಸರೋಜಮ್ಮ ನನ್ನ ಅಂಗಿಯ ಎದೆ ಹಿಡಿದುಕೊಂಡರು. "ಅಪ್ಪ ಹೊಡೆದ್ರೂ ಏಳ್ಬೇಡ ಅಂತ ಹೇಳ್ಕೊಟ್ರಲ್ಲ. ಎದ್ದು ಓಡೋದನ್ನ ಯಾಕ್ರೀ ಹೇಳ್ಕೊಡ್ಲಿಲ್ಲ?" ಗುದ್ದಿದರು, ಗುದ್ದಿಸಿಕೊಂಡೆ. ಮುಂದೆ ತಮಟೆಯವರು ಹೊರಟಿದ್ದರು. ಚಂದ್ರಶೇಖರಯ್ಯನವರು ಮಾತ್ರ, "ಫಕೀರಪ್ಪನೋರೆ, ನೀವೂ ಊದಿ," ಎಂದರು. ಆ ಹೆಣ್ಣೊಪ್ಪಿಸುವ ಧಾಟಿಯನ್ನೇ ಊದುತ್ತಾ ಸ್ಮಶಾನದವರೆಗೆ ಹೋದೆ. ಕಡೆಯ ಸ್ವರವನ್ನು ಜಾರಿಸಲು ಉಸಿರು ಸಾಲಲಿಲ್ಲ.

ಸರೋಜಮ್ಮನವರ ಪ್ರಶ್ನೆಗೆ ಉತ್ತರ ಹೊಳೆದದ್ದು ಆಮೇಲೆ, ಪ್ರೆಸ್ಸಿನ ಮುಂದೆ ನಿಂತಿದ್ದಾಗ. ಮಾಸ್ತರರ ಕಾಯಿದೆಗೆ ಇನ್ನೊಂದು ಅರ್ಧ ಇದೆ. ಅದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲ, ಏಕೆಂದರೆ ಹೇಳಬೇಕಾಗಿಲ್ಲ. ಬಾಜಾದವರ ಮೈ ಮುಟ್ಟಬಾರದು. ಎಂಥ ಕಡು ವೈರಿಯೂ, ಎಷ್ಟೇ ಕುಡಿದವನೂ, ಬಡಿಗೆ ಬೀಸುವಾಗ ಬ್ಯಾಂಡಿನವರನ್ನು ಬಳಸಿ ಬೀಸುತ್ತಾನೆ. ಬಾಜಾದವನ ರಕ್ತ ಬಿದ್ದ ಮದುವೆ ಬಾಳುವುದಿಲ್ಲ ಎಂಬ ಭಯ ಎರಡೂ ಕಡೆಯವರಿಗೂ ಇರುತ್ತದೆ. ಆ ಭಯದ ನಡುವೆ ನಿಂತು ಊದುವುದು ದೊಡ್ಡಸ್ತಿಕೆಯಲ್ಲ. ನಾನು ಅರ್ಧ ಕಾಯಿದೆಯನ್ನು ಟ್ರಂಕಿನಲ್ಲಿ ಹಾಕಿಕೊಂಡು ಬಂದಿದ್ದೆ. ಇನ್ನರ್ಧ ಊರಿನಲ್ಲಿಯೇ ಉಳಿದಿತ್ತು.

ಕಾರ್ಯ ಮುಗಿದ ಮೇಲೆ ಒಂದು ಬೆಳಗ್ಗೆ ಚಂದ್ರಶೇಖರಯ್ಯನವರು ದೊಡ್ಡ ಸುತ್ತಿಗೆ ತಂದು, ತಾವೇ ರಿಪೇರಿ ಮಾಡಿದ ಪಿಯಾನೋದ ಎದೆಗೆ ಹೊಡೆದರು. ಮರ ಸೀಳಿತು. ಒಳಗಿನ ಬೀಡುಕಬ್ಬಿಣದ ಚೌಕಟ್ಟು ಮುರಿಯಲಿಲ್ಲ. ತಂತಿಗಳೆಲ್ಲ ಒಮ್ಮೆಲೇ ಅಬ್ಬರಿಸಿದವು. ಎದುರು ಸಾಲಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅಂಥ ಸದ್ದಿಗೆ ಆ ಬೀದಿ ಕಿಟಕಿ ತೆರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾರೂ ಹೊರಗೆ ಬರಲಿಲ್ಲ. ನಾನು ಹೋಗಿ ಸುತ್ತಿಗೆ ಕಿತ್ತುಕೊಂಡೆ.

ಈ ಬೇಸಿಗೆಯಲ್ಲಿ ಅಕ್ಕನ ಮಗಳ ಮದುವೆಗೆಂದು ಊರಿಗೆ ಬಂದಿದ್ದೆ. ನಿಮ್ಮಲ್ಲಿ ಬಹಳ ಜನ ಇದ್ದಿರಿ, ನಡೆದದ್ದನ್ನು ನೋಡಿದ್ದೀರಿ. ಡಿಜೆ ಬೇಡವೆಂದು ಸೋದರಮಾವನಾದ ನಾನು ಹಿಡಿದ ಹಠಕ್ಕೆ ಹುಸೇನಸಾಬ ಮಾಸ್ತರರು ಮುದಿ ವಯಸ್ಸಿನಲ್ಲಿ ಮತ್ತೆ ಬ್ಯಾಂಡು ಕೂಡಿಸಿದ್ದರು. ಬಸಣ್ಣ ಎಡಗೈಯಲ್ಲಿ ಉಳಿದ ಮೂರು ಬೆರಳಿನಲ್ಲೇ ಡೋಲು ಕಟ್ಟಿಕೊಂಡು ಬಂದಿದ್ದ. ಮೆರವಣಿಗೆ ನಡುಬೀದಿಗೆ ಬಂದಾಗ, ಮದುಮಗನ ಕುದುರೆಯನ್ನು ಯಾರ ಮನೆಯ ಮುಂದೆ ನಿಲ್ಲಿಸಬೇಕು ಎಂಬ ಮಾತಿಗೆ ಎರಡು ಕಡೆಯವರು ಕೈ ಕೈ ಮಿಲಾಯಿಸಿದರು. ಕಲ್ಲು ಬಂತು, ಬಡಿಗೆ ಬಂತು. ಮಾಸ್ತರರು ಎಂದಿನಂತೆ ಕೈ ಎತ್ತಿ, "ಊದ್ರೋ!" ಎಂದರು. ಎಲ್ಲರೂ ಊದಿದರು. ಬಡಿಗೆಗಳು ನಮ್ಮನ್ನು ಬಳಸಿಯೇ ಬೀಸುತ್ತಿದ್ದವು. ಇಲ್ಲಿ ನನಗೇನೂ ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಬಾಯಿಂದ ಕ್ಲಾರಿಯೋನೆಟ್ ಜಾರಿತು. ಕಣ್ಣ ಮುಂದೆ ಕೀಗಳ ಮೇಲೆ ಬಿದ್ದ ಆ ಹಣೆ. "ನಿಲ್ಲಸ್ರೋ! ಬಾಜಾ ನಿಲ್ಲಸ್ರೋ!" ಎಂದು ಚೀರುತ್ತಾ ಬಸಣ್ಣನ ಡೋಲಿನ ಮೇಲೆ ಬಿದ್ದೆ. ಬಾಜಾ ನಿಂತಿತು. ಮಾಸ್ತರರು ಯಾವಾಗಲೂ ಹೇಳುತ್ತಿದ್ದ ಹಾಗೆಯೇ ಆಯಿತು. ನೂರು ಜನ ತಿರುಗಿ ನೋಡಿದರು, ನೂರು ಜನರೂ ನುಗ್ಗಿದರು. ನಾಲ್ವರ ತಲೆಗೆ ಹೊಲಿಗೆ ಬಿತ್ತು. ಬಾಜಾ ಕೈಬಿಟ್ಟವನು ಬಾಜಾದವನಲ್ಲವಲ್ಲ. ನನ್ನ ತುಟಿಯೂ ಸೀಳಿತು, ಯಾರು ಹೊಡೆದರೋ ನೋಡಲಿಲ್ಲ.

ಮಾಸ್ತರರು ಬೈಯಲಿಲ್ಲ. ನನ್ನ ಕೈಯಿಂದ ಬ್ಯಾಂಡಿನ ಟೊಪ್ಪಿಗೆ ತೆಗೆದುಕೊಂಡರು. "ನೀ ಬೆಂಗಳೂರಾಂವ ಆದಿ ಬಿಡೋ ಫಕೀರಾ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬೆಳಗಿನ ರೈಲಿಗೆ ಇಳಿದು ಜಾಲಹಳ್ಳಿಯ ಗೇಟು ತೆಗೆದಾಗ ಚಂದ್ರಶೇಖರಯ್ಯನವರು ತುಳಸಿಗೆ ನೀರು ಹಾಕುತ್ತಿದ್ದರು. ನನ್ನ ಬಾತ ಮುಖ ನೋಡಿ ಚೊಂಬು ಕೆಳಗಿಟ್ಟರು.

"ಯಾರ್ರೀ ಹೊಡೆದಿದ್ದು?"

"ನಮ್ಮೂರೋರ ಹೊಡದ್ರು ಸರ."

"ಯಾಕೆ?"

"ಬಾಜಾ ನಿಲ್ಲಿಸಿದ್ನಿರಿ."

ಅವರು ಬಾಗಿಲನ್ನು ಪೂರ್ತಿ ತೆರೆದು, "ಒಳಗ್ ಬನ್ನಿ, ಐಸ್ ಕೊಡ್ತೀನಿ," ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಒಳಗೆ ಕರೆದದ್ದು ಅದೇ ಮೊದಲು. ನಾನು ಚಪ್ಪಲಿ ಬಿಟ್ಟು ಹೊಸ್ತಿಲಿನ ಹತ್ತಿರ ಹೋದೆ. ಒಡೆದ ಪಿಯಾನೋ ಅಲ್ಲೇ ಇತ್ತು. ಮೇಲೆ ಹುಡುಗನ ಪಟ, ಅದಕ್ಕೆ ಮಲ್ಲಿಗೆ ಹಾರ.

ಅಡುಗೆಮನೆಯಿಂದ ಸರೋಜಮ್ಮನವರ ದನಿ ಬಂತು. "ಅವರು ಮೇಲೇ ಇರ್ಲಿ."

ನಾನು ಚಪ್ಪಲಿ ಹಾಕಿಕೊಂಡು ಮಹಡಿಯ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬಂದಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು. ಚಂದ್ರಶೇಖರಯ್ಯನವರು ಬಟ್ಟೆಯಲ್ಲಿ ಐಸು ಕಟ್ಟಿಕೊಂಡು ಬಂದಿದ್ದರು. ಕೋಣೆಗೂ ಹೋಗಲಿಲ್ಲ, ಮನೆಗೂ ಇಳಿಯಲಿಲ್ಲ. ಆ ಮೆಟ್ಟಿಲಿನ ಮೇಲೆಯೇ ನಾವಿಬ್ಬರೂ ಕೂತೆವು. ಅವರು ನನ್ನ ತುಟಿಗೆ ಐಸು ಒತ್ತಿ ಹಿಡಿದುಕೊಂಡಿದ್ದರು.